ಸ್ಕ್ರೀನ್ ಇರೋ ಮೈಕ್ರೋಸ್ಕೋಪ್: ಡಬ್ಬಿ ಮ್ಯಾಲಿನ 1000ಎಕ್ಸ್ ನಂಬೂಕಿಂತ ಮೊದ್ಲು

ಮೆಣಸಿನ ಗಿಡದ ಎಲಿ ಮುದುಡೋ ಸೀಸನ್ ಬಂತಂದ್ರ ನಮ್ಮ ರಾಯಚೂರು, ಸಿಂಧನೂರು ಕಡೆ ಗೊಬ್ಬರದಂಗಡಿ ಮುಂದ ಕೈಯಾಗ ನಾಕು ಎಲಿ ಹಿಡ್ಕೊಂಡು ನಿಂತೋರು ಕಾಣ್ತಾರ, "ಸಾವ್ಕಾರ, ಇದಕ್ಕ ಯಾವ ಎಣ್ಣಿ (ಕೀಟನಾಶಕ) ಹೊಡಿಬೇಕು ಹೇಳ್ರಿ" ಅಂತ. ಮೊದ್ಲೆಲ್ಲ ಅಂಗಡಿಯವ್ರು ಬರಿಗಣ್ಣಿಲೆ ನೋಡಿ ಹೇಳೋರು, ಭಾಳಂದ್ರ ಒಂದು ಭೂತಗನ್ನಡಿ ತಗಿಯೋರು. ಈಗ ಕೆಲವು ಕೌಂಟರ್ ಮ್ಯಾಲೆ ಒಂದು ಸಣ್ಣ ಮಷಿನ್ ಕುಂತದ, ಮ್ಯಾಲೆ ಸ್ಕ್ರೀನ್, ಅದರ ಕೆಳಗ ಲೆನ್ಸ್, ಲೆನ್ಸ್ ಸುತ್ತ ಲೈಟು. ಎಲಿ ಕೆಳಗಿಟ್ರ ಸ್ಕ್ರೀನ್ ಮ್ಯಾಲೆ ಹುಳ ಓಡಾಡೋದು ಕಾಣ್ತದ, ಸುತ್ತ ನಿಂತೋರಿಗೂ ಒಟ್ಟಿಗೇ ಕಾಣ್ತದ. ಮೊಬೈಲ್ ರಿಪೇರಿ ಅಂಗಡಿಯಾಗೂ ಇದೇ, ಕೆಲವು ಸಾಲಿಗಳ ಸೈನ್ಸ್ ರೂಮಿನಾಗೂ ಇದೇ.

ಆನ್‌ಲೈನ್‌ನಾಗ ಹುಡುಕಿದ್ರ ಇವು ರಾಶಿ ರಾಶಿ ಬರ್ತಾವ, ಎಲ್ಲಾದರ ಮ್ಯಾಲೂ 1000ಎಕ್ಸ್, 1200ಎಕ್ಸ್, 12 ಮೆಗಾಪಿಕ್ಸೆಲ್ ಅಂತ ದಪ್ಪ ಅಕ್ಷರದಾಗ ಬರ್ದಿರ್ತಾರ. ತರಿಸಿದವರು ಆಮ್ಯಾಲೆ ಕೇಳೋದು ಒಂದೇ, ಸಾವಿರ ಪಟ್ಟು ಅಂದಿದ್ರಲ್ಲ, ಎಲ್ಲಿ ಅದ? ಆ ಸಾವಿರ ಎಲ್ಲಿಂದ ಬಂತು, ಈ ಮಷಿನ್ ನಿಜವಾಗ್ಲೂ ಎಷ್ಟು ತೋರಸ್ತದ, ಚಂದಗ ನೋಡಬೇಕಂದ್ರ ಏನು ಮಾಡಬೇಕು, ಅದನ್ನ ಬುಡದಿಂದ ನೋಡೋಣ.

ಒಳಗ ಏನದ

ಸಾಲಿ ಲ್ಯಾಬಿನ ಹಳೇ ಮೈಕ್ರೋಸ್ಕೋಪಿನಾಗ ಎರಡು ಕಡೆ ಲೆನ್ಸ್ ಇರ್ತಾವ, ವಸ್ತುವಿನ ಹತ್ರ ಒಂದು, ಕಣ್ಣಿನ ಹತ್ರ ಒಂದು. ಎರಡೂ ಗುಣಿಸಿದ್ರ ಒಟ್ಟು ಎಷ್ಟು ಪಟ್ಟು ಅನ್ನೋದು ಸಿಗ್ತದ. ಕಣ್ಣಿಂದು 10, ಕೆಳಗಿಂದು 40 ಇದ್ರ 400 ಪಟ್ಟು, ಅಷ್ಟ.

ಸ್ಕ್ರೀನ್ ಮೈಕ್ರೋಸ್ಕೋಪಿನಾಗ ಕಣ್ಣಿಡೋ ಲೆನ್ಸೇ ಇಲ್ಲ. ಕೆಳಗಿನ ಲೆನ್ಸ್ ಬಿಂಬ ತಂದು ಒಂದು ಸೆನ್ಸರ್ ಮ್ಯಾಲೆ ಹಾಕ್ತದ. ಈ ಸೆನ್ಸರ್ ನಿಮ್ಮ ಮೊಬೈಲ್ ಕ್ಯಾಮೆರಾದಾಗ ಇರ್ತದಲ್ಲ ಅದೇ ಜಾತಿದು, ಬೆರಳಿನ ಉಗುರಿಗಿಂತ ಸಣ್ಣ ಚಿಪ್ಪು, ಅದರ ಮ್ಯಾಲೆ ಲಕ್ಷಗಟ್ಟಲೆ ಬೆಳಕು ಅಳಿಯೋ ಚೌಕಗಳು. ಒಂದೊಂದು ಚೌಕಕ್ಕ ಒಂದು ಪಿಕ್ಸೆಲ್ ಅಂತಾರ. ಅದು ಅಳತಿ ಮಾಡಿದ್ದನ್ನ ಒಂದು ಪ್ರೊಸೆಸರ್ ಚಿತ್ರ ಮಾಡಿ ಸ್ಕ್ರೀನಿಗೆ ಕಳಸ್ತದ, ಸೆಕೆಂಡಿಗೆ ಹತ್ತಾರು ಸಲ, ಅದಕ್ಕ ನಮಗ ಹುಳ ಓಡಾಡೋದು ವಿಡಿಯೋದಾಗ ಕಾಣ್ತದ. ಅಂದ್ರ ಇದು ಭಾಳ ಹತ್ರದಿಂದ ನೋಡೋ ಕ್ಯಾಮೆರಾ, ಸ್ಟ್ಯಾಂಡಿಗೆ ಹಾಕಿದ್ದು. ಇಷ್ಟು ತಲಿಯಾಗ ಇಟ್ಕೊಂಡ್ರ ಮುಂದಿನ ಎಲ್ಲಾ ಪ್ರಶ್ನಿಗೂ ಉತ್ತರ ಸಲೀಸು.

ಸಾವಿರ ಪಟ್ಟು ಅನ್ನೋ ಲೆಕ್ಕ

ಎಷ್ಟು ಪಟ್ಟು ಅನ್ನೋದನ್ನ ನೀವೇ ಅಳದು ನೋಡಬಹುದು, ಯಾರನ್ನೂ ಕೇಳೋದು ಬ್ಯಾಡ. ಮಕ್ಕಳ ಕಂಪಾಸ್ ಬಾಕ್ಸಿನಾಗಿನ ಪ್ಲಾಸ್ಟಿಕ್ ಸ್ಕೇಲ್ ಲೆನ್ಸ್ ಕೆಳಗಿಡ್ರಿ, ಮಿಲಿಮೀಟರ್ ಗೆರಿ ಸ್ಕ್ರೀನಿನ ಎಡಗಡಿಂದ ಬಲಗಡಿವರೆಗೂ ಎಷ್ಟು ಬರ್ತಾವ ಎಣಿಸ್ರಿ. ಆಮ್ಯಾಲೆ ಇನ್ನೊಂದು ಸ್ಕೇಲಿಲೆ ಸ್ಕ್ರೀನಿನ ಅಗಲ ಅಳೀರಿ. ಸ್ಕ್ರೀನಿನ ಅಗಲಕ್ಕ ಒಳಗ ಕಾಣೋ ಅಗಲದಿಂದ ಭಾಗಿಸಿದ್ರ ಬರೋದೇ ನಿಜವಾದ ಪಟ್ಟು.

7 ಇಂಚಿನ ಸ್ಕ್ರೀನ್ ಅಂದ್ರ ಮೂಲಿಯಿಂದ ಮೂಲಿಗೆ 7 ಇಂಚು, ಅಗಲ ಸುಮಾರು 155 ಮಿಲಿಮೀಟರ್ ಬರ್ತದ. ಅದರಾಗ ಸ್ಕೇಲಿನ 5 ಮಿಲಿಮೀಟರ್ ಕಂಡ್ರ 31 ಪಟ್ಟು. 2 ಮಿಲಿಮೀಟರ್ ಕಂಡ್ರ 77 ಪಟ್ಟು. 1 ಮಿಲಿಮೀಟರ್ ಅಷ್ಟೇ ಕಂಡ್ರ 155 ಪಟ್ಟು. ಈಗ ಸಾವಿರ ಪಟ್ಟು ಆಗಬೇಕಂದ್ರ ಸ್ಕ್ರೀನ್ ತುಂಬ ಬರೇ 0.155 ಮಿಲಿಮೀಟರ್ ಜಾಗ ಕಾಣಬೇಕು, ಅಂದ್ರ ಎಲಿ ರಸ ಹೀರೋ, 0.2 ಮಿಲಿಮೀಟರ್ ಅಷ್ಟೇ ಇರೋ ಒಂದು ಮೈಟ್ ನುಸಿನೂ ಪೂರ್ತಿ ಸ್ಕ್ರೀನಿನಾಗ ಹಿಡಿಸಬಾರದು. ನಿಮ್ಮ ಮಷಿನ್ನಾಗ ಸ್ಕೇಲ್ ಇಟ್ಟು ನೋಡ್ರಿ, ಹಂಗ ಆಗಂಗಿಲ್ಲ.

ಮತ್ತ ಡಬ್ಬಿ ಮ್ಯಾಲೆ ಸಾವಿರ ಹೆಂಗ ಬಂತು? ಡಿಜಿಟಲ್ ಝೂಮ್ ಸೇರಿಸಿ. ಲೆನ್ಸ್ ಕೊಟ್ಟ ಚಿತ್ರದ ನಡುವಿನ ಭಾಗ ಕತ್ತರಿಸಿ ಸ್ಕ್ರೀನ್ ತುಂಬ ಹರಡ್ತದ, ಹೊಸದಾಗಿ ಏನೂ ಕಾಣಂಗಿಲ್ಲ. ಮಜ್ಜಿಗಿಗೆ ನೀರು ಹಾಕಿದ್ರ ಗಡಿಗಿ ತುಂಬ್ತದ, ಮಸರು ಹೆಚ್ಚಾಗ್ತದೇನು? ಅಷ್ಟೇ ಇದು. ಕೆಲವು ಕಂಪನಿಯೋರು ಇನ್ನೂ ಮುಂದ ಹೋಗಿ ದೊಡ್ಡ ಟಿವಿಗೆ ಹಚ್ಚಿದ್ರ ಬರೋ ಪಟ್ಟನ್ನೂ ಲೆಕ್ಕಕ್ಕ ಹಿಡಿತಾರ. 32 ಇಂಚಿನ ಟಿವಿ ಅಗಲ 70 ಸೆಂಟಿಮೀಟರ್ ಚಿಲ್ಲರೆ, ಅದೇ 2 ಮಿಲಿಮೀಟರ್ ಜಾಗ ಅದರ ಮ್ಯಾಲೆ ತೋರಿಸಿದ್ರ 350 ಪಟ್ಟು ಆಗಿಬಿಡ್ತದ, ಆದ್ರ 7 ಇಂಚಿನಾಗ ಕಾಣದ ಒಂದು ಕೂದಲೂ ಟಿವಿಯಾಗ ಹೊಸದಾಗಿ ಹುಟ್ಟಂಗಿಲ್ಲ. ಹಿಂಗಾಗಿ ಸ್ಕ್ರೀನ್ ಇರೋ ಮಷಿನ್ನಿಗೆ 'ಎಷ್ಟು ಎಕ್ಸ್' ಅಂತ ಕೇಳೋದೇ ಅರ್ಧ ತಪ್ಪು ಪ್ರಶ್ನಿ. ಕೇಳಬೇಕಾದ್ದು, ಎಷ್ಟು ಸಣ್ಣ ವಸ್ತು ಬಿಡಿಬಿಡಿಯಾಗಿ ಕಾಣ್ತದ ಅಂತ.

ಎಷ್ಟು ಸಣ್ಣದು ಕಾಣ್ತದ, ಯಾವುದು ಕಾಣಂಗಿಲ್ಲ

ಒಂದು ಮಿಲಿಮೀಟರ್‌ನ್ಯಾಗ ಸಾವಿರ ಭಾಗ ಮಾಡಿದ್ರ ಒಂದು ಭಾಗಕ್ಕ ಮೈಕ್ರಾನ್ ಅಂತಾರ. ನಮ್ಮ ತಲಿಗೂದಲು ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಬರಿಗಣ್ಣಿಗೆ ಎರಡು ಚುಕ್ಕಿ ಬ್ಯಾರೆ ಬ್ಯಾರೆ ಅಂತ ಗೊತ್ತಾಗೋದು ಹತ್ರ ಹಿಡಿದು ನೋಡಿದ್ರ ಸುಮಾರು 100 ಮೈಕ್ರಾನ್‌ವರೆಗೂ, ಅದಕ್ಕಿಂತ ಹತ್ರ ಇದ್ರ ಒಂದೇ ಚುಕ್ಕಿ ಆಗಿ ಕಾಣ್ತದ. ಸ್ಕ್ರೀನ್ ಮೈಕ್ರೋಸ್ಕೋಪ್ ಇದನ್ನ ಹತ್ತು ಮೈಕ್ರಾನಿನ ಆಸುಪಾಸಿಗೆ ಇಳಸ್ತದ, ಒಳ್ಳೇ ಲೆನ್ಸ್ ಇದ್ರ ಅದಕ್ಕೂ ಸ್ವಲ್ಪ ಕೆಳಗ. ನುಸಿ, ಹುಳದ ತತ್ತಿ, ಬಟ್ಟಿ ಎಳಿ, ಬೋರ್ಡಿನ ಸೋಲ್ಡರ್, ಕಲ್ಲಿನ ಕಣ, ಇವೆಲ್ಲ ಆ ಅಳತಿ ಒಳಗ ಆರಾಮ ಬರ್ತಾವ.

ರಕ್ತದ ಕೆಂಪು ಕಣ 7-8 ಮೈಕ್ರಾನ್, ಅದು ಗಡಿ ಮ್ಯಾಲೆ ಅದ, ಕಂಡ್ರೂ ಮಸುಕು ಚುಕ್ಕಿ. ಅದರ ಒಳಗ ಕುಂತ ಮಲೇರಿಯಾ ರೋಗಾಣು ಕಾಣೋ ಮಾತೇ ಇಲ್ಲ. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್. ವೈರಸ್ ಅಂತೂ ಯಾವ ಸಾದಾ ಲೈಟ್ ಮೈಕ್ರೋಸ್ಕೋಪಿನಾಗೂ ಬಿಡಿಯಾಗಿ ಕಾಣೋದಲ್ಲ. ಆಸ್ಪತ್ರಿ ಲ್ಯಾಬಿನಾಗ ಟಿಬಿ ಕಫ ನೋಡೋ ಮೈಕ್ರೋಸ್ಕೋಪ್ ಸಾವಿರ ಪಟ್ಟು ಅಂದ್ರ ಅದು ನಿಜವಾದ ಸಾವಿರ, 100ರ ಲೆನ್ಸ್, ಅದಕ್ಕೂ ಗ್ಲಾಸಿಗೂ ನಡುವ ಒಂದು ಹನಿ ಎಣ್ಣಿ (ಹುಳಕ್ಕ ಹೊಡಿಯೋದಲ್ಲ, ಮೈಕ್ರೋಸ್ಕೋಪಿಂದು), ಕಣ್ಣಿಗೆ 10ರ ಲೆನ್ಸ್, ಮತ್ತ ಸ್ಲೈಡಿಗೆ ಬಣ್ಣ ಹಾಕಿರ್ತಾರ. ಆನ್‌ಲೈನಿನಾಗ ತರಿಸಿದ ಮಷಿನ್ನಾಗ ಮನಿಯಾಗೇ ರಕ್ತ ನೋಡ್ತೀನಿ ಅನ್ನೋರು ಇದನ್ನ ಒಂದು ಸಲ ಓದಲಿ.

ಲೆನ್ಸ್ ಯಾಕ ಒಂದು ಹಂತಕ್ಕ ನಿಂತುಬಿಡ್ತದ? ಬೆಳಕು ಅಲಿ ರೂಪದಾಗ ಬರ್ತದ, ಆ ಅಲಿ ಉದ್ದ ಅರ್ಧ ಮೈಕ್ರಾನ್ ಆಸುಪಾಸು. ಅದರ ಅರ್ಧಕ್ಕಿಂತ ಸಣ್ಣ ವಿವರ ಬೆಳಕಿಲೆ ಬಿಡಿಸಿ ನೋಡೋಕೆ ಆಗಂಗಿಲ್ಲ ಅಂತ ಜರ್ಮನಿಯ ಎರ್ನ್‌ಸ್ಟ್ ಆಬೆ 1873ರಾಗೇ ಲೆಕ್ಕ ಹಾಕಿ ತೋರಿಸಿದ. ಅತ್ಯುತ್ತಮ ಲ್ಯಾಬ್ ಮೈಕ್ರೋಸ್ಕೋಪಿಗೂ ಹಿಂಗಾಗಿ ಸುಮಾರು 0.2 ಮೈಕ್ರಾನ್ ಗಡಿ. ಆ ಗಡಿ ಮುಟ್ಟಬೇಕಂದ್ರೂ ಲೆನ್ಸ್ ವಸ್ತುವಿಗೆ ಅಂಟಿದಷ್ಟು ಹತ್ರ ಇದ್ದು, ಅಗಲ ಬಾಯಿ ತಗದು, ಸುತ್ತ ಎಲ್ಲಾ ಕಡಿಂದ ಬರೋ ಬೆಳಕು ಹಿಡಿಬೇಕು. ನಮ್ಮ ಸ್ಕ್ರೀನ್ ಮಷಿನ್ನಿನ ಲೆನ್ಸ್ ದೂರ ಕುಂತು ಸಣ್ಣ ಕಿಂಡಿಯಾಗಿಂದ ನೋಡ್ತದ, ಸೆನ್ಸರಿಗೆ ಎಷ್ಟು ಮೆಗಾಪಿಕ್ಸೆಲ್ ಹಾಕಿದ್ರೂ ಲೆನ್ಸ್ ತರದ ವಿವರ ಅದು ತರಂಗಿಲ್ಲ.

ಇದರ ಉಲ್ಟಾ ಉದಾಹರಣಿನೂ ಅದ. 1670ರ ದಶಕದಾಗ ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ಅನ್ನೋ ಬಟ್ಟಿ ವ್ಯಾಪಾರಿ ಬರೇ ಒಂದೇ ಒಂದು ಸಣ್ಣ ಗಾಜಿನ ಮಣಿ ಲೆನ್ಸಿಲೆ ಬ್ಯಾಕ್ಟೀರಿಯಾ ನೋಡಿದ. ಅವನು ಮಾಡಿದ್ದರಾಗ ಉಳಿದಿರೋ ಅತಿ ಒಳ್ಳೇದು ಸುಮಾರು 270 ಪಟ್ಟು ಅಷ್ಟೇ ದೊಡ್ಡದು ಮಾಡ್ತದ. ಸ್ಕ್ರೀನ್ ಇಲ್ಲ, ಕರೆಂಟಿಲ್ಲ. ಗಾಜು ಚಲೋ ಇತ್ತು, ಕಣ್ಣಿಗೆ ಒತ್ತಿ ಹಿಡಿದು ನೋಡಿದ.

ಮೆಣಸಿನ ಎಲಿ ನೋಡೋ ಪದ್ಧತಿ

ಈಗ ಅಸಲಿ ಕೆಲಸಕ್ಕ ಬರೋಣ. ಮೆಣಸಿನ ಎಲಿ ಮುದುಡೋಕೆ ಮುಖ್ಯವಾಗಿ ಮೂರು ಕಾರಣ. ಥ್ರಿಪ್ಸ್ ಅನ್ನೋ ಸಣ್ಣ ಹುಳ ರಸ ಹೀರಿದ್ರ ಎಲಿ ಅಂಚು ಮ್ಯಾಲಕ್ಕ ಮುದುಡ್ತದ. ಮೈಟ್ ನುಸಿ ಹೀರಿದ್ರ ಕೆಳಕ್ಕ ಮುದುಡ್ತದ. ಮೂರನೇದು ಬಿಳಿ ನೊಣ ಹರಡೋ ವೈರಸ್, ಅದಕ್ಕ ಮುಟುರು ರೋಗ ಅಂತಾರ. ಹೊಲದಾಗ ಇವು ಒಂದರ ಮ್ಯಾಲೊಂದು ಸೇರ್ಕೊಂಡು ಬರ್ತಾವ, ಅದಕ್ಕೇ ಎಲಿ ಮುದುಡಿದ ದಿಕ್ಕು ಅಷ್ಟೇ ನೋಡಿ ಹೇಳೋದು ಕಷ್ಟ.

ಯಾವುದು ಅಂತ ತಿಳ್ಕೊಂಡು ಮಾಡೋದೇನು ಅಂದ್ರ, ಥ್ರಿಪ್ಸ್ ಕೀಟ, ಆರು ಕಾಲು. ಮೈಟ್ ಕೀಟ ಅಲ್ಲ, ಜೇಡ ಉಣ್ಣಿ ಬಳಗದ್ದು, ಬೆಳದದ್ದಕ್ಕ ಎಂಟು ಕಾಲು. ಕೀಟಕ್ಕ ಹೊಡಿಯೋ ಎಣ್ಣಿಗಳಾಗ ಭಾಳಷ್ಟು ಮೈಟಿಗೆ ಹತ್ತಂಗಿಲ್ಲ, ಅದಕ್ಕ ನುಸಿನಾಶಕನೇ ಬೇಕು. ತಪ್ಪು ಎಣ್ಣಿ ಹೊಡಿದ್ರ ರೊಕ್ಕ ಹೋಗೋದು ಒಂದು ಕಡಿ, ಮೈಟ್ ತಿನ್ನೋ ಒಳ್ಳೇ ನುಸಿಗಳೂ ಸತ್ತು ಮೈಟ್ ಇನ್ನೂ ಹೆಚ್ಚಾಗೋದು ಇನ್ನೊಂದು ಕಡಿ. ವೈರಸ್ ಆಗಿದ್ರಂತೂ ಆ ಗಿಡಕ್ಕ ಯಾವ ಎಣ್ಣಿ ಹೊಡಿದ್ರೂ ವಾಸಿ ಆಗಂಗಿಲ್ಲ. ಹಿಂಗಾಗಿ ಎಲಿ ಮ್ಯಾಲೆ ಯಾರದಾರ ಅನ್ನೋದು ಮೊದ್ಲು ಗೊತ್ತಾಗಬೇಕು.

ಎಲಿ ತರೋದು ಹೆಂಗ: ತುದಿ ಕುಡಿ ಎಲಿ ಎರಡು ಮೂರು, ನಡುವಿನ ಎಲಿ, ಅರಳಿದ ಹೂವು ನಾಕಾರು, ಬ್ಯಾರೆ ಬ್ಯಾರೆ ಗಿಡದ್ದು ತಗೊಂಡು ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಕಟ್ರಿ. ಹೊಲದಾಗೇ ಮಷಿನ್ ಇಟ್ಟು ನೋಡ್ತೀನಿ ಅಂದ್ರ ಬಿಸಲಿಗೆ ಸ್ಕ್ರೀನ್ ಕಾಣಂಗಿಲ್ಲ, ಗಾಳಿಗೆ ಎಲಿ ಅಳ್ಳಾಡ್ತದ, ಬೇವಿನ ಗಿಡದ ನೆಳ್ಳಿಗಾದ್ರೂ ಬರ್ರಿ. ಹುಳ ಭಾಳ ಓಡಾಡ್ತಿದ್ರ ಆ ಚೀಲ ಸ್ವಲ್ಪ ಹೊತ್ತು ಫ್ರಿಜ್ಜಿನಾಗ ಇಟ್ರ ಸಾಕು, ತಂಪಿಗೆ ಅವು ಮಂಕಾಗ್ತಾವ, ನೋಡೋಕೆ ಆರಾಮ ಸಿಗ್ತಾವ.

ಎಲಿ ಬೆನ್ನು ಮ್ಯಾಲೆ ಮಾಡಿ ಇಡ್ರಿ, ಯಾಕಂದ್ರ ಇವು ಅಡಗಿ ಕೂಡೋದು ಕೆಳಬದಿಗೆ, ನಡು ನರದ ಪಕ್ಕಕ್ಕ. ಮುದುಡಿದ ಎಲಿ ಚಪ್ಪಟ ಆಗಂಗಿಲ್ಲ, ನಾಕೂ ಕಡಿ ಸೆಲೋಟೇಪ್ ಹಚ್ಚಿ ಬಿಡ್ರಿ. ಮೊದ್ಲು ಕಮ್ಮಿ ದೊಡ್ಡದು ಮಾಡಿ, ಸ್ಕ್ರೀನಿನಾಗ ಎಲಿ ಒಂದು ಸೆಂಟಿಮೀಟರ್ ಅಗಲ ಕಾಣೋ ಹಂಗ ಇಟ್ಕೊಂಡು ನಿಧಾನ ಸರಸ್ತಾ ಹೋಗ್ರಿ. ಥ್ರಿಪ್ಸ್ ಇದ್ರ ಇಲ್ಲೇ ಸಿಕ್ಕಿಬಿಡ್ತದ, ಸುಮಾರು ಒಂದು ಮಿಲಿಮೀಟರ್ ಉದ್ದ, ಸಪೂರ ಮೈ, ಮರಿಗಳು ಹಳದಿ ಬಿಳಿ, ರೆಕ್ಕಿ ಬರದವು. ದೊಡ್ಡದಾದದ್ದರ ರೆಕ್ಕಿ ಹತ್ರದಿಂದ ನೋಡಿದ್ರ ಅಂಚಿಗೆ ಉದ್ದುದ್ದ ಕೂದಲು ಕಾಣ್ತಾವ, ಅದು ಥ್ರಿಪ್ಸಿನ ಗುರುತು.

ಹೂವಿನಾಗ ಕಪ್ಪು ಬಣ್ಣದ್ದು ಕಂಡ್ರ ಬ್ಯಾರೆ ಕಥಿ. 2015ರಾಗ ಬೆಂಗಳೂರಿನಾಗ ಪಪಾಯಿ ಗಿಡದ ಮ್ಯಾಲೆ ನಮ್ಮ ದೇಶದಾಗ ಮೊದಲ ಸಲ ದಾಖಲಾದ ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನೋ ಜಾತಿ 2021ರಾಗ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಕ್ಕ ನುಗ್ಗಿ ಹೂವೆಲ್ಲ ಉದುರಿಸಿ ಹಾಕಿತ್ತು, ಆ ವರ್ಷ ಮೆಣಸಿನಕಾಯಿ ಹಾಕಿದವರಿಗೆ ಬಿಡಿಸಿ ಹೇಳೋದು ಬ್ಯಾಡ. ಅದರ ಹೆಣ್ಣು ಕಡುಕಂದು, ಎಲಿಗಿಂತ ಹೂವಿನಾಗ ಗುಂಪಾಗಿ ಇರ್ತದ. ಹೂವು ಬಿಳಿ ಹಾಳಿ ಮ್ಯಾಲೆ ತಟ್ಟಿದ್ರ ಕಪ್ಪು ಗೆರಿಗಳು ಓಡ್ಯಾಡ್ತಾವ, ಆ ಹಾಳಿನೇ ಲೆನ್ಸ್ ಕೆಳಗ ಇಟ್ಟುಬಿಡ್ರಿ. ಆದ್ರ ಇದೇ ಜಾತಿ ಅಂತ ಖಾತ್ರಿ ಮಾಡೋ ತಾಕತ್ತು ಈ ಮಷಿನ್ನಿಗಿಲ್ಲ, ಅದಕ್ಕ ಹುಳನ ಸ್ಲೈಡಿಗೆ ಕೂಡಿಸಿ ದೊಡ್ಡ ಮೈಕ್ರೋಸ್ಕೋಪಿನಾಗ ಮೈಮ್ಯಾಲಿನ ಕೂದಲೆಣಿಸಿ ನೋಡ್ತಾರ.

ಮೈಟ್ ಹುಡುಕೋದು ಸ್ವಲ್ಪ ತಾಳ್ಮಿ ಕೆಲಸ. ಇದು 0.2 ಮಿಲಿಮೀಟರ್, ಅದೂ ತಿಳಿ ಹಳದಿ, ಅರ್ಧ ಪಾರದರ್ಶಕ, ಬೆಳಕು ನೇರ ಬಿದ್ರ ಮಾಯ. ಲೆನ್ಸ್ ಇಳಿಸಿ 2 ಮಿಲಿಮೀಟರ್ ಜಾಗ ಸ್ಕ್ರೀನ್ ತುಂಬ ಬರೋ ಹಂಗ ಮಾಡಿ, ಲೈಟ್ ಕಮ್ಮಿ ಮಾಡಿ ಒಂದು ಪಕ್ಕದಿಂದ ಹಾಕಿದ್ರ ಹೊಳಿಯೋ ಹನಿಯೊಂದು ನಡಕೋತ ಹೋಗೋದು ಕಾಣ್ತದ. ಹುಳಕ್ಕಿಂತ ಅದರ ತತ್ತಿ ಖಾತ್ರಿ ಗುರುತು, ಓಡಿ ಹೋಗಂಗಿಲ್ಲ ನೋಡ್ರಿ! ಎಲಿ ಬೆನ್ನಿಗೆ ಅಂಟಿರೋ ಉದ್ದುಂಡ ತತ್ತಿ, ಹುಳದ ಅರ್ಧದಷ್ಟು ಸಣ್ಣದು, ಅದರ ಮೈತುಂಬ ಬಿಳಿ ಚುಕ್ಕಿ ಸಾಲುಸಾಲು. ಫೋಕಸ್ ಗಾಲಿ ಒಂದು ಕೂದಲೆಳಿ ಆಚೀಚೆ ತಿರುಗಿಸಿದ್ರ ಆ ಚುಕ್ಕಿ ಎದ್ದು ಬರ್ತಾವ, ಇನ್ನೊಂಚೂರು ತಿರುಗಿಸಿದ್ರ ಹೋಗಿಬಿಡ್ತಾವ.

ಎಲಿ ಮುದುಡ್ಯಾವ, ಎಷ್ಟು ಹುಡುಕಿದ್ರೂ ಎರಡೂ ಇಲ್ಲ, ಬಿಳಿ ನೊಣದ ಮರಿ ಅಷ್ಟೇ ಅವ ಅಂದ್ರ ವೈರಸ್ ಮ್ಯಾಲೆ ಅನುಮಾನ ಪಡಬೇಕು. ಎಣ್ಣಿ ಹೊಡದ ಮ್ಯಾಲೆ ಹುಳ ಸತ್ತು ಮುದುಡಿದ ಎಲಿ ಹಂಗೇ ಉಳಿದಿರೋದೂ ಇರ್ತದ, ಹಂಗಾಗಿ ಹೊಸ ಕುಡಿ ನೋಡೋದು ಮರೀಬ್ಯಾಡ್ರಿ. ಫೋಟೋ ವಿಡಿಯೋ ತಕ್ಕೊಂಡು ರಾಯಚೂರು ಕೃಷಿ ವಿಶ್ವವಿದ್ಯಾಲಯದೋರಿಗೋ, ರಾಯಚೂರು, ಗಂಗಾವತಿ, ಹಗರಿ ಕೃಷಿ ವಿಜ್ಞಾನ ಕೇಂದ್ರದೋರಿಗೋ ತೋರಿಸಿದ್ರ ಯಾವ ಎಣ್ಣಿ, ಎಷ್ಟು ಪ್ರಮಾಣ ಅನ್ನೋದು ಅವರು ಹೇಳ್ತಾರ. ಎಲಿ ಬಾಡಿಹೋದ ಮ್ಯಾಲೆ ತಗೊಂಡು ಹೋಗೋಕಿಂತ ಆ ಫೋಟೋ ಎಷ್ಟೋ ಮೇಲು.

ಫೋಕಸ್ ಯಾಕ ನಿಲ್ಲಂಗಿಲ್ಲ

ಹೊಸದಾಗಿ ತಂದೋರು ಎಲ್ಲಾರೂ ಮುಗ್ಗರಸೋದು ಇಲ್ಲೇ. ಈ ಮಷಿನ್ನಾಗ ದೊಡ್ಡದು ಮಾಡೋಕೆ ಬ್ಯಾರೆ ಗುಂಡಿ ಇಲ್ಲ. ಲೆನ್ಸ್ ವಸ್ತುವಿಗೆ ಎಷ್ಟು ಹತ್ರ ಅದ ಅನ್ನೋದೇ ಎಷ್ಟು ದೊಡ್ಡದು ಅನ್ನೋದನ್ನ ತೀರ್ಮಾನ ಮಾಡ್ತದ, ಫೋಕಸ್ ಗಾಲಿ ಆ ದೂರಕ್ಕ ಚಿತ್ರ ತಿಳಿ ಮಾಡ್ತದ ಅಷ್ಟ. ಬಟನ್ ಒತ್ತಿದ್ರ ಆಗೋ ಝೂಮ್ ಮ್ಯಾಲೆ ಹೇಳಿದ ನೀರು ಹಾಕೋ ಝೂಮ್.

ಹಂಗಾಗಿ ಪದ್ಧತಿ ಹಿಂಗ: ಮೊದ್ಲು ಸ್ಟ್ಯಾಂಡಿನಾಗ ಮಷಿನ್ ಮ್ಯಾಲಕ್ಕ ಎತ್ತಿ ಕಟ್ರಿ, ಕೆಳಗ ಒಂದು ರೂಪಾಯಿ ನಾಣ್ಯ ಇಟ್ಟು ಗಾಲಿ ತಿರುಗಿಸಿ ಅಕ್ಷರ ತಿಳಿ ಮಾಡ್ರಿ. ಆಮ್ಯಾಲೆ ಸ್ವಲ್ಪ ಇಳಿಸ್ರಿ, ಮತ್ತ ಗಾಲಿ. ಇನ್ನೂ ಇಳಿಸ್ರಿ, ಮತ್ತ ಗಾಲಿ. ಒಂದೇ ಏಟಿಗೆ ಪೂರ್ತಿ ಇಳಿಸಿ ಫೋಕಸ್ ಹುಡುಕಿದ್ರ ಸ್ಕ್ರೀನ್ ತುಂಬ ಮಂಜು, ಎಲ್ಲಿದ್ದೀವಿ ಅನ್ನೋದೇ ತಿಳಿಯಂಗಿಲ್ಲ. ದೊಡ್ಡದು ಮಾಡ್ತಾ ಹೋದಂಗ ಲೆನ್ಸ್ ವಸ್ತುವಿಗೆ ಮುಟ್ಟೋ ಹಂಗ ಬರ್ತದ, ಹಸಿ ಎಲಿಗೆ ತಾಗಿ ಅಂಟು ಹತ್ತಿದ್ರ ಆಮ್ಯಾಲೆ ನೋಡಿದ್ದೆಲ್ಲ ಮಸುಕು.

ಇನ್ನೊಂದು ಮಾತು, ದೊಡ್ಡದು ಮಾಡಿದಷ್ಟೂ ತಿಳಿಯಾಗಿ ಕಾಣೋ ಪದರ ತೆಳ್ಳಗ ಆಗ್ತದ. ಎಲಿ ನರ ತಿಳಿ ಇದ್ರ ಅದರ ಪಕ್ಕದ ತಗ್ಗು ಮಸುಕು, ತಗ್ಗು ತಿಳಿ ಮಾಡಿದ್ರ ನರ ಮಸುಕು. ಮಷಿನ್ ಕೆಟ್ಟಿಲ್ಲ, ಹತ್ರದಿಂದ ನೋಡೋ ಎಲ್ಲಾ ಲೆನ್ಸಿನ ಸ್ವಭಾವನೇ ಹಂಗ. ಅದಕ್ಕೇ ಅನುಭವ ಇದ್ದೋರು ನೋಡ್ತಿರುವಾಗ ಒಂದು ಬೆರಳು ಗಾಲಿ ಮ್ಯಾಲಿಂದ ತಗಿಯಂಗೇ ಇಲ್ಲ. ಟೇಬಲ್ ಅಳ್ಳಾಡಿದ್ರ ಅದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣ್ತದ, ಫ್ಯಾನ್ ಗಾಳಿಗೂ ಚಿತ್ರ ನಡಗ್ತದ. ಪ್ಲಾಸ್ಟಿಕ್ ಸ್ಟ್ಯಾಂಡಿಂದು ತಗೊಳ್ಳೋಕಿಂತ ಡಬ್ಬಿ ಮ್ಯಾಲೆ ಎರಡು ಮಾತು ಕಮ್ಮಿ ಬರ್ದಿದ್ರೂ ಕಬ್ಬಿಣದ ಸ್ಟ್ಯಾಂಡಿಂದು ತಗೊಳ್ರಿ ಅಂತ ನಾನು ಕೇಳಿದವ್ರಿಗೆಲ್ಲ ಹೇಳೋದು.

ಬೆಳಕು

ಸುತ್ತ ಇರೋ ಎಂಟು ಎಲ್‌ಇಡಿ ಪೂರ್ತಿ ಉರಿಸಿದ್ರ ಚಂದ ಕಾಣ್ತದ ಅನ್ನೋದು ಭ್ರಮಿ. ಮೆಣಸಿನ ಎಲಿ ಮಿಂಚ್ತದ, ಸೋಲ್ಡರ್ ಮಿಂಚ್ತದ, ನಾಣ್ಯ ಮಿಂಚ್ತದ, ಆ ಹೊಳಪು ತಿರುಗಿ ಲೆನ್ಸಿಗೆ ಹೊಡದು ಬಿಳಿ ಕಲಿ ಬೀಳ್ತದ. ಸುತ್ತಿನ ಲೈಟ್ ಕಮ್ಮಿ ಮಾಡಿ, ಸ್ಟ್ಯಾಂಡಿಗೆ ಬಗ್ಗೋ ಲೈಟ್ ಕೊಟ್ಟಿದ್ರ ಒಂದನ್ನ ಪಕ್ಕದಿಂದ ಅಡ್ಡ ಹಾಕ್ರಿ, ಸಣ್ಣ ನೆಳ್ಳು ಬಿದ್ದು ಉಬ್ಬು ತಗ್ಗು ಎದ್ದು ಕಾಣ್ತಾವ. ಇನ್ನೂ ಹೊಳಿತಿದ್ರ ಲೈಟಿಗೆ ಒಂದು ಚೂರು ಬಟರ್ ಪೇಪರ್ ಅಡ್ಡ ಹಿಡೀರಿ. ಈರುಳ್ಳಿ ಪೊರಿ, ಹತ್ತಿ ಎಳಿ ಇಂಥಾ ತೆಳು ವಸ್ತುವಿಗೆ ಕೆಳಗಿಂದ ಬರೋ ಲೈಟ್ ಬೇಕು, ಕೆಲವು ಮಾಡೆಲಿನಾಗ ಬುಡದಾಗೇ ಅದು ಇರ್ತದ.

ಮೊಬೈಲ್ ರಿಪೇರಿಯವ್ರಿಗೆ

ಫೋನ್ ಬೋರ್ಡ್ ಮ್ಯಾಲಿನ ಕೆಪಾಸಿಟರ್, ರೆಸಿಸ್ಟರ್ ಕೆಲವು 0.6 ಮಿಲಿಮೀಟರ್ ಉದ್ದ 0.3 ಅಗಲ, ಬರಿಗಣ್ಣಿಗೆ ಧೂಳು. ಡ್ರೈ ಸೋಲ್ಡರ್ (ಸರಿಯಾಗಿ ಹತ್ತದ ಬೆಸುಗಿ), ಚಾರ್ಜಿಂಗ್ ಪಿನ್ ಬಿಟ್ಟಿರೋದು, ನೀರು ಬಿದ್ದ ಬೋರ್ಡಿನ ಹಸಿರು ತುಕ್ಕು ಹುಡುಕೋಕೆ ಈ ಮಷಿನ್ ಭಾಳ ಚಲೋ, ಗಿರಾಕಿಗೂ ತೋರಿಸಬಹುದು. ಅದನ್ನೇ ನೋಡ್ಕೋತ ಐರನ್ ಹಿಡಿದು ಸೋಲ್ಡರ್ ಮಾಡೋದು ಬ್ಯಾರೆ ಮಾತು. ಒಂದು, ಕೈ ಐರನ್ ಎರಡೂ ತೂರೋ ಅಷ್ಟು ಜಾಗ ಲೆನ್ಸ್ ಕೆಳಗ ಬೇಕು, ಹಂಗಂದ್ರ ಹತ್ತು ಹದಿನೈದು ಪಟ್ಟಿನಾಗೇ ಕೆಲಸ ಮಾಡಬೇಕು. ಎರಡು, ಒಂದೇ ಲೆನ್ಸ್, ಆಳ ತಿಳಿಯಂಗಿಲ್ಲ, ಐರನ್ ತುದಿ ಐಸಿ ಮುಟ್ಟಿತೋ ಮ್ಯಾಲೆ ತೇಲಕತ್ತದೋ ಗೊತ್ತಾಗಂಗಿಲ್ಲ. ಎರಡು ಕಣ್ಣಿಟ್ಟು ನೋಡೋ ಸ್ಟೀರಿಯೋ ಮೈಕ್ರೋಸ್ಕೋಪ್ ತುಟ್ಟಿ ಆದ್ರೂ ರಿಪೇರಿಯವ್ರು ಅದನ್ನ ಬಿಡದಿರೋದು ಇದಕ್ಕೇ. ಮೂರು, ಕೈ ಸರಿದ ಮ್ಯಾಲೆ ಸ್ಕ್ರೀನಿನಾಗ ಸ್ವಲ್ಪ ತಡ ಆಗಿ ಕಾಣ್ತದ, ಬೆಳಕು ಕಮ್ಮಿ ಇದ್ರ ಇನ್ನೂ ತಡ, ಯಾಕಂದ್ರ ಸೆನ್ಸರ್ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿ ಹಾಕ್ತದ. ಸೋಲ್ಡರ್ ಮಾಡುವಾಗ ಲೈಟ್ ಜೋರಾಗೇ ಇರಲಿ. ಹೊಗಿ ಲೆನ್ಸಿಗೆ ಹತ್ತದಂಗ ಗಾಜಿನ ಒಂದು ತುಂಡು ಅಡ್ಡ ಕಟ್ಟೋರೂ ಅದಾರ.

ಮೆಗಾಪಿಕ್ಸೆಲ್, ಮೆಮೊರಿ ಕಾರ್ಡ್, ಅಳತಿ

1080ಪಿ ವಿಡಿಯೋ ಅಂದ್ರ 1920 ಗುಣಿಸು 1080, ಸುಮಾರು 20 ಲಕ್ಷ ಪಿಕ್ಸೆಲ್, ಅಂದ್ರ 2 ಮೆಗಾಪಿಕ್ಸೆಲ್. ಕಮ್ಮಿ ರೇಟಿನವುಗಳ ಡಬ್ಬಿ ಮ್ಯಾಲೆ 12 ಮೆಗಾಪಿಕ್ಸೆಲ್ ಇದ್ರ ಸಾಮಾನ್ಯವಾಗಿ ಸಣ್ಣ ಚಿತ್ರದ ನಡುನಡುವ ಅಂದಾಜು ಪಿಕ್ಸೆಲ್ ತುಂಬಿ ಫೈಲ್ ದೊಡ್ಡದು ಮಾಡಿರ್ತಾರ. ಕಾರ್ಡ್ ತುಂಬ್ತದ, ವಿವರ ಅಷ್ಟೇ ಇರ್ತದ. ಸೆಟಿಂಗಿನಾಗ ಕಮ್ಮಿದ್ದು ಇಟ್ಕೊಂಡ್ರ ನಷ್ಟ ಇಲ್ಲ. ಕಾರ್ಡ್ ಓದಲ್ಲ ಅಂತಂದ್ರ ಮೊದ್ಲು ಅದೇ ಮಷಿನ್ನಾಗ ಫಾರ್ಮ್ಯಾಟ್ ಹೊಡದು ನೋಡ್ರಿ, ಭಾಳ ಮಾಡೆಲಿಗೆ 32 ಜಿಬಿಗಿಂತ ದೊಡ್ಡ ಕಾರ್ಡ್ ಒಗ್ಗಂಗಿಲ್ಲ. ತಾರೀಖು ಸರಿ ಮಾಡಿಟ್ಕೊಳ್ರಿ, ಎಣ್ಣಿ ಹೊಡಿಯೋ ಮೊದ್ಲು, ಹೊಡದ ಮ್ಯಾಲೆ ಅಂತ ಹೋಲಿಸೋಕೆ ಫೋಟೋ ಮ್ಯಾಲಿನ ದಿನಾನೇ ಆಧಾರ.

ಹುಳದ ಉದ್ದ ಅಳಿಬೇಕಂದ್ರ ಪ್ರತಿ ಸಲ ಎತ್ತರ ಬದಲಾದಾಗ ಸ್ಕೇಲಿನ ಒಂದು ಫೋಟೋ ತಕ್ಕೊಂಡು ಬಿಡ್ರಿ, ಆಮ್ಯಾಲೆ ಎರಡೂ ಪಕ್ಕ ಇಟ್ಟು ಲೆಕ್ಕ ಹಾಕಬಹುದು. ಕಂಪ್ಯೂಟರಿಗೆ ಹಚ್ಚಿ ಅದರ ಸಾಫ್ಟ್‌ವೇರಿನಾಗ ಅಳಿಯೋರೂ ಮೊದ್ಲು ಸ್ಕೇಲ್ ತೋರಿಸಿ ಹೊಂದಿಸ್ಲೇಬೇಕು, ಇಲ್ಲಾಂದ್ರ ಅದು ಹೇಳೋ ಮಿಲಿಮೀಟರ್ ಸುಳ್ಳು.

ಮನಿಯಾಗ ಮಕ್ಕಳ ಜೊತಿ ನೋಡೋಕೆ

ಫೋನಿನ ಬಿಳಿ ಸ್ಕ್ರೀನ್ ಲೆನ್ಸ್ ಕೆಳಗಿಡ್ರಿ, ಬಿಳಿ ಎಲ್ಲೂ ಇರಂಗಿಲ್ಲ, ಕೆಂಪು ಹಸಿರು ನೀಲಿ ಚುಕ್ಕಿ ಅಷ್ಟೇ. ಹೊಸ 500 ರೂಪಾಯಿ ನೋಟಿನಾಗ ರಿಸರ್ವ್ ಬ್ಯಾಂಕಿನವರು ಹಿಂದಿ 'ಭಾರತ' ಮತ್ತ ಇಂಗ್ಲಿಷಿನ 'ಇಂಡಿಯಾ' ಭಾಳ ಸಣ್ಣ ಅಕ್ಷರದಾಗ ಅಚ್ಚು ಹಾಕ್ಯಾರ, ಹುಡುಕೋಕೆ ಬಿಡ್ರಿ, ಒಂದು ಮಧ್ಯಾಹ್ನ ಹೋಗ್ತದ.

ನಮ್ಮ ಕಡಿದು ಅಂದ್ರ ಶಕ್ತಿನಗರದ ಥರ್ಮಲ್ ಪ್ಲಾಂಟಿನ ಹಾರುಬೂದಿ. ಬೂದಿ ಇಟ್ಟಂಗಿ ಮಾಡೋ ಕಡಿಂದ ಒಂದು ಚಿಟಿಕಿ ತಂದು ಕಪ್ಪು ಹಾಳಿ ಮ್ಯಾಲೆ ತೆಳ್ಳಗ ಉದುರಿಸಿ, ಲೆನ್ಸ್ ಪೂರ್ತಿ ಇಳಿಸಿ, ಪಕ್ಕದಿಂದ ಲೈಟ್ ಹಾಕಿ ನೋಡ್ರಿ. ಬೂದಿ ಅಂದ್ರ ಬೂದಿ ಅಲ್ಲ ಅದು, ಒಳಗ ಗುಂಡಗ ಗಾಜಿನ ಗೋಲಿ, ಒಂದೊಂದರ ಮ್ಯಾಲೂ ಎಲ್‌ಇಡಿ ಬೆಳಕಿನ ಚುಕ್ಕಿ. ಕಲ್ಲಿದ್ದಲಿನಾಗಿನ ಮಣ್ಣಿನ ಅಂಶ ಬಾಯ್ಲರ್ ಉರಿಗೆ ಕರಗಿ, ಹೊಗಿ ಜೊತಿ ಹಾರ್ತಾ ಹಾರ್ತಾ ಗಾಳಿಯಾಗೇ ತಣ್ಣಗಾಗಿ ಗಟ್ಟಿ ಆಗ್ತದ, ಹಂಗಾಗಿ ದುಂಡಗ. ಭಾಳಷ್ಟು ಗೋಲಿ ಈ ಮಷಿನ್ನಿಗೂ ಕಾಣದಷ್ಟು ಸಣ್ಣವು, ದೊಡ್ಡವು ಅಷ್ಟೇ ಸಿಗ್ತಾವ.

ಲಿಂಗಸುಗೂರು ಕಡಿ ಹುಡುಗರು ಹಟ್ಟಿ ಬಂಗಾರದ ಗಣಿ ಸುತ್ತಮುತ್ತಲಿನ ಬಿಳಿ ಕಲ್ಲು ತಂದು ಹಳದಿ ಹೊಳಪು ತೋರಿಸಿ ಬಂಗಾರ ಅಂತಾರ. ಹತ್ರದಿಂದ ನೋಡಿದ್ರ ಆ ಹೊಳಪಿಗೆ ಚಪ್ಪಟ ಮುಖ, ಚೂಪು ಅಂಚು ಕಾಣ್ತಾವ, ಸೂಜಿಲೆ ಒತ್ತಿದ್ರ ಪುಡಿ ಆಗ್ತದ. ಅದು ಪೈರೈಟ್, ಕಬ್ಬಿಣ ಗಂಧಕ ಸೇರಿದ್ದು. ಬಂಗಾರ ಮೆತ್ತಗ, ಸೂಜಿಗೆ ತಗ್ಗು ಬೀಳ್ತದ ಪುಡಿ ಆಗಂಗಿಲ್ಲ, ಮತ್ತ ಅದಿರಿನಾಗಿನ ಬಂಗಾರದ ಕಣ ಹೆಚ್ಚಿಗಿ ಕಣ್ಣಿಗೆ ಕಾಣೋ ಅಷ್ಟು ದೊಡ್ಡವೇ ಇರಂಗಿಲ್ಲ, ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಇರೋ ವಸ್ತು ಅದು.

ಇಟ್ಕೊಳ್ಳೋದು

ಲೆನ್ಸಿಗೆ ನಮ್ಮ ಕೆಂಪು ಧೂಳು, ಬಳ್ಳಾರಿ ಸಂಡೂರು ಕಡಿಯೋರಿಗೆ ಅದಿರಿನ ಧೂಳು, ಇದೇ ದೊಡ್ಡ ಶತ್ರು. ಅದಿರಿನ ಧೂಳು ಗಟ್ಟಿ, ಲುಂಗಿ ಚುಂಗಿಲೆ ಒರಸಿದ್ರ ಗೀಚ್ತದ. ಮೊದ್ಲು ಗಾಳಿ ಊದೋ ಬಲ್ಬಿಲೆ ಧೂಳು ಹಾರಿಸಿ, ಆಮ್ಯಾಲೆ ಕನ್ನಡಕದ ಬಟ್ಟಿ. ಒಳಗ ಲಿಥಿಯಂ ಬ್ಯಾಟ್ರಿ ಇರೋದ್ರಿಂದ ಬ್ಯಾಸಗಿಯಾಗ ಮುಚ್ಚಿದ ಕಾರಿನಾಗ, ಬೈಕ್ ಡಿಕ್ಕಿಯಾಗ ಬಿಟ್ಟು ಹೋಗಬ್ಯಾಡ್ರಿ. ಬ್ಯಾಟ್ರಿ ಇಳಿದ್ರೂ ಚಿಂತಿ ಇಲ್ಲ, ಯುಎಸ್‌ಬಿ ಚಾರ್ಜಿನ ಮಾಡೆಲ್‌ಗಳು 5 ವೋಲ್ಟಿನ ಸಾದಾ ಪವರ್ ಬ್ಯಾಂಕಿಗೂ ನಡಿತಾವ, ಕರೆಂಟ್ ಹೋದಾಗ ಅಂಗಡಿಯಾಗ ಎಲಿ ಹಿಡ್ಕೊಂಡು ನಿಂತೋರನ್ನ ವಾಪಸ್ ಕಳಿಸೋದು ಬೇಕಿಲ್ಲ.